ಒಂದೇ ಒಂದು ಮೊಳೆಯಿಲ್ಲದೆ: ಮರಗೆಲಸದ ಬೆಣೆ ಮತ್ತು ಒಂದು ಐತಿಹ್ಯ

ಹಳೆಯ ತೊಟ್ಟಿಮನೆ, ಚೌಕಿಮನೆ, ಅರಮನೆಯ ಮರದ ಮಂಟಪ, ದೇವಾಲಯದ ರಥ ಇವುಗಳನ್ನು ಕುರಿತ ಕನ್ನಡ ಬರಹಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ: ‘ಒಂದೇ ಒಂದು ಮೊಳೆಯನ್ನೂ ಬಳಸದೆ ಇದನ್ನು ನಿರ್ಮಿಸಲಾಗಿದೆ.’ ಪ್ರವಾಸಿ ಕೈಪಿಡಿಯಲ್ಲಿಯೋ ಪತ್ರಿಕೆಯ ಪುರವಣಿಯಲ್ಲಿಯೋ ಈ ಮಾತು ಬಂದರೆ ಆಕ್ಷೇಪಿಸಬೇಕಾದುದೇನೂ ಇಲ್ಲ. ಆದರೆ ಜಾನಪದ ಸಂಶೋಧನೆಯ ಬರವಣಿಗೆಯಲ್ಲಿಯೂ ಅದು ತಾಂತ್ರಿಕ ವಿವರಣೆಯ ಸ್ಥಾನದಲ್ಲಿ ಕುಳಿತುಬಿಡುತ್ತದೆ. ವಿವರಣೆ ಅಲ್ಲಿಗೇ ಮುಗಿಯುತ್ತದೆ. ಮೊಳೆ ಇಲ್ಲವೆಂದ ಮೇಲೆ ಅದರ ಜಾಗದಲ್ಲಿ ಇರುವುದೇನು, ಅದು ಯಾವ ಮರದ್ದು, ಒಣಗಿದ್ದೇ ಹಸಿಯೇ, ಎತ್ತಣಿಂದ ಹೊಡೆದದ್ದು, ಕಿತ್ತರೆ ಬರುವಂಥದೇ ಎಂಬ ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಇಲ್ಲದ ಮೊಳೆಯ ಬಗ್ಗೆ ಇಷ್ಟು ಹೇಳುವ ಬರಹಗಳು ಇರುವ ಬೆಣೆಯ ಬಗ್ಗೆ ಒಂದು ಸಾಲನ್ನೂ ಬರೆಯದಿರುವುದು ವಿಮರ್ಶೆಗೆ ತಕ್ಕ ವಿಷಯ.

ಈ ವಾಕ್ಯವನ್ನು ಮೊದಲು ಜಾನಪದದ ಒಂದು ಘಟಕವಾಗಿಯೇ ನೋಡಬೇಕು. ಏಕೆಂದರೆ ಅದು ಕರ್ನಾಟಕದ್ದಷ್ಟೇ ಆಗಿಲ್ಲ. ರಷ್ಯಾದ ಒನೆಗಾ ಸರೋವರದ ಕಿಝಿ ದ್ವೀಪದಲ್ಲಿ 1714ರಲ್ಲಿ ಕಟ್ಟಿದ, 22 ಗುಮ್ಮಟಗಳ ಮರದ ಚರ್ಚು ಇದೆ. ಅದನ್ನು ಒಂದೂ ಮೊಳೆಯಿಲ್ಲದೆ ಕಟ್ಟಲಾಯಿತೆಂದೂ, ಕೆಲಸ ಮುಗಿದ ಮೇಲೆ ನೆಸ್ಟರ್ ಎಂಬ ಬಡಗಿ ಇಂಥದು ಹಿಂದೆ ಇರಲಿಲ್ಲ, ಮುಂದೆ ಇರುವುದಿಲ್ಲ ಎನ್ನುತ್ತ ತನ್ನ ಕೊಡಲಿಯನ್ನು ಸರೋವರಕ್ಕೆ ಎಸೆದನೆಂದೂ ಐತಿಹ್ಯ ಹೇಳುತ್ತದೆ. ಗೋಡೆಯ ದಿಮ್ಮಿಗಳು ಒಂದಕ್ಕೊಂದು ಕಚ್ಚಿಕೊಂಡು ನಿಂತಿರುವುದು ನಿಜ. ಗುಮ್ಮಟಗಳಿಗೆ ಹೊದಿಸಿದ ಆಸ್ಪೆನ್ ಮರದ ಹಲಗೆಬಿಲ್ಲೆಗಳನ್ನು ಮಾತ್ರ ಮೊಳೆಗಳಿಂದಲೇ ಬಿಗಿಯಲಾಗಿದೆ. ಕೇಂಬ್ರಿಜ್‌ನ ಕ್ವೀನ್ಸ್ ಕಾಲೇಜಿನ ಮರದ ಸೇತುವೆಯ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಅದನ್ನು ನ್ಯೂಟನ್ ಮೊಳೆ, ಬೋಲ್ಟುಗಳಿಲ್ಲದೆ ಕಟ್ಟಿದನೆಂದೂ, ವಿದ್ಯಾರ್ಥಿಗಳು ಬಿಚ್ಚಿ ನೋಡಿ ಮತ್ತೆ ಜೋಡಿಸಲಾಗದೆ ಸೋತು ಬೋಲ್ಟು ಹಾಕಿದರೆಂದೂ ಅಲ್ಲಿನ ಜನ ಹೇಳುತ್ತಾರೆ. ಸೇತುವೆ ಎದ್ದದ್ದು 1749ರಲ್ಲಿ. ವಿನ್ಯಾಸ ವಿಲಿಯಂ ಎಥರಿಜ್‌ನದು, ಕಟ್ಟಿದವನು ಜೇಮ್ಸ್ ಎಸೆಕ್ಸ್. ನ್ಯೂಟನ್ 1727ರಲ್ಲಿಯೇ ತೀರಿಕೊಂಡಿದ್ದ. ಕಬ್ಬಿಣದ ಬಂಧಕಗಳು ಮೊದಲಿನಿಂದಲೂ ಅದರಲ್ಲಿದ್ದವು, ಒಳಗಿನಿಂದ ನೋಡುವವರಿಗೆ ಕಾಣುತ್ತಿರಲಿಲ್ಲ ಅಷ್ಟೆ. ಜಪಾನಿನ ನಾರಾ ಪ್ರಾಂತದ ಹೋರ್ಯೂಜಿ ದೇವಾಲಯ ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮರದ ಕಟ್ಟಡಗಳಲ್ಲಿ ಒಂದು. ಮೊಳೆಯಿಲ್ಲದ ಜಪಾನೀ ಮರಗೆಲಸಕ್ಕೆ ಉದಾಹರಣೆಯಾಗಿ ಅದನ್ನು ತೋರಿಸುವವರಿದ್ದಾರೆ. ಅದರ ದುರಸ್ತಿಯಲ್ಲಿ ಜೀವ ಸವೆಸಿದ ಬಡಗಿ ನಿಶಿಯೋಕ ತ್ಸುನೆಕಾಜು (1908–1995) ಮಾತ್ರ ಅಲ್ಲಿ ಸಿಕ್ಕ ಪ್ರಾಚೀನ ಕೈಮೊಳೆಗಳ ಗುಣವನ್ನು ಮೆಚ್ಚಿದವರು. ಯಾಕುಶಿಜಿ ದೇವಾಲಯದ ಕೆಲಸಕ್ಕೆ ಅಂಥವೇ ಮೊಳೆಗಳನ್ನು ಕಮ್ಮಾರನಿಂದ ಬಡಿಸಿದರು.

ಪುರಿಯ ಜಗನ್ನಾಥನ ರಥಗಳ ಕುರಿತೂ ಇದೇ ಹೊಗಳಿಕೆ ಕೇಳಿಬರುತ್ತದೆ. ಆ ರಥಗಳನ್ನು ಪ್ರತಿವರ್ಷ ಹೊಸದಾಗಿ ಕಟ್ಟುವ ಸೇವಾದಾರರಲ್ಲಿ ಬಡಗಿಗಳ ಜೊತೆಗೆ ರಥದ ಕಬ್ಬಿಣದ ಕೆಲಸಕ್ಕೆಂದೇ ಮೀಸಲಾದ ಕಮ್ಮಾರ ಮನೆತನಗಳೂ ಇವೆ. ಒಂದು ಸಮುದಾಯದ ವಂಶಪಾರಂಪರ್ಯದ ಸೇವೆಯನ್ನೇ ಒಂದು ಹೊಗಳಿಕೆಯ ವಾಕ್ಯ ಅಳಿಸಿಹಾಕುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಈ ಎಲ್ಲ ಕಥೆಗಳಲ್ಲಿ ಒಂದೇ ಆಶಯದ ಎಳೆಗಳು ಕಾಣುತ್ತವೆ. ಮೊಳೆ ಇರುವುದಿಲ್ಲ, ಮಾಡಿದವನು ಅಸಾಮಾನ್ಯನು, ಬಿಚ್ಚಿದರೆ ಮತ್ತೆ ಜೋಡಿಸಲು ಬೇರೆಯವರಿಂದ ಆಗುವುದಿಲ್ಲ. ಕನ್ನಡದಲ್ಲಿ ಜಕಣಾಚಾರಿಯ ಐತಿಹ್ಯ ಕಲ್ಲಿನ ಕೆಲಸಕ್ಕೆ ಮಾಡಿದ್ದನ್ನೇ ಈ ವಾಕ್ಯ ಮರದ ಕೆಲಸಕ್ಕೆ ಮಾಡುತ್ತದೆ. ಹೊಯ್ಸಳ ದೇವಾಲಯಗಳ ಮೇಲೆ ಮಲ್ಲಿತಮ್ಮನಂಥ ಶಿಲ್ಪಿಗಳು ತಮ್ಮ ಹೆಸರನ್ನು ಸ್ವತಃ ಕೆತ್ತಿಕೊಂಡಿದ್ದರೂ ಜನರ ಮಾತಿನಲ್ಲಿ ಎಲ್ಲವೂ ಜಕಣಾಚಾರಿಯದಾಯಿತು. ಐತಿಹ್ಯ ಹಾಗೆ ಮಾಡುವುದು ಸಹಜ, ಅದರ ಕೆಲಸವೇ ಅದು. ಶಾಸನವನ್ನು ಓದಬಲ್ಲ ಸಂಶೋಧಕನೂ ಜಕಣಾಚಾರಿಯ ಹೆಸರನ್ನೇ ಬರೆದರೆ ಅದನ್ನು ಸಹಜವೆನ್ನಲಾಗದು. ಮರದ ವಿಷಯದಲ್ಲಿ ಆಗಿರುವುದು ಬಹುಮಟ್ಟಿಗೆ ಇದೇ.

ಮೊಳೆಯನ್ನೂ ಮರವನ್ನೂ ಎದುರುಬದುರು ನಿಲ್ಲಿಸುವ ಈ ಕಲ್ಪನೆ ಕಸುಬಿನ ಒಳಗಿನದಲ್ಲ. ಪಾಂಚಾಳ ಪರಂಪರೆಯಲ್ಲಿ ವಿಶ್ವಕರ್ಮನ ಐವರು ಮಕ್ಕಳಾದ ಮನು, ಮಯ, ತ್ವಷ್ಟ, ಶಿಲ್ಪಿ, ವಿಶ್ವಜ್ಞರಿಗೆ ಕ್ರಮವಾಗಿ ಕಬ್ಬಿಣ, ಮರ, ತಾಮ್ರ–ಕಂಚು, ಕಲ್ಲು, ಚಿನ್ನದ ಕೆಲಸಗಳು ಸಂದಿವೆ. ಕಬ್ಬಿಣ ಅಣ್ಣನದು, ಮರ ತಮ್ಮನದು. ಎತ್ತಿನ ಗಾಡಿಯ ಗಾಲಿಯೇ ಇದಕ್ಕೆ ಸಾಕ್ಷಿ. ಗುಂಬ, ಅರೆಕಾಲುಗಳನ್ನು ಬಡಗಿ ಕೂಡಿಸುತ್ತಾನೆ. ಅದರ ಸುತ್ತ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಕಮ್ಮಾರ ತೊಡಿಸಿ ನೀರೆರೆಯುತ್ತಾನೆ. ಪಟ್ಟಿ ತಣ್ಣಗಾಗಿ ಕುಗ್ಗುವಾಗ ಅರೆಕಾಲಿನ ಪ್ರತಿಯೊಂದು ನಾಲಗೆಯೂ ತನ್ನ ಕಂಡಿಯೊಳಕ್ಕೆ ಇನ್ನಷ್ಟು ಸೇರಿಕೊಳ್ಳುತ್ತದೆ. ಮರದ ಕೀಲನ್ನು ಬಿಗಿಗೊಳಿಸುವುದು ಇಲ್ಲಿ ಕಬ್ಬಿಣವೇ. ಇನ್ನು ಮೊಳೆಯ ಮಾತು. ಯಂತ್ರದಲ್ಲಿ ತಯಾರಾಗುವ ತಂತಿಮೊಳೆ 19ನೆಯ ಶತಮಾನದ ಕೊನೆಯ ಭಾಗದಿಂದ ಅಗ್ಗವಾಗುತ್ತ ಬಂತು. ಅದಕ್ಕೆ ಮೊದಲು ಪ್ರತಿಯೊಂದು ಮೊಳೆಯನ್ನೂ ಕುಲುಮೆಯಲ್ಲಿ ಕಾಯಿಸಿ ಬಡಿಯಬೇಕಿತ್ತು. ಬಡಗಿ ಮೊಳೆಯನ್ನು ತ್ಯಜಿಸಿದ್ದ ಎನ್ನುವುದಕ್ಕಿಂತ, ದುಬಾರಿಯಾದ ಮೊಳೆಯನ್ನು ಅದು ತಕ್ಕದಾದ ಕಡೆ ಮಾತ್ರ ಬಳಸುತ್ತಿದ್ದ ಎನ್ನುವುದು ಹೆಚ್ಚು ಸರಿ. ಬಾಗಿಲ ಮೇಲಿನ ಕಬ್ಬಿಣದ ಗುಬ್ಬಿಗಳು, ಪಟ್ಟಿಗಳು, ಬಳೆ–ಚಿಲಕಗಳು ಎಲ್ಲರ ಕಣ್ಣೆದುರಿಗೇ ಇವೆ. ಆ ಬಾಗಿಲನ್ನು ದಾಟಿ ಒಳಹೋದವರು ‘ಮೊಳೆಯಿಲ್ಲದ ಮನೆ’ ಎಂದು ಬರೆಯುವುದು ಸೋಜಿಗ.

ಹಾಗಾದರೆ ಬೆಣೆ ಮಾಡುವುದೇನು? ಇದನ್ನು ಹೇಳಲು ಕೀಲಿನ ಎರಡು ಅಂಗಗಳಿಗೆ ಹೆಸರು ಬೇಕು. ಒಂದು ಮರದಲ್ಲಿ ಉಳಿಯಿಂದ ತೋಡಿದ ಚೌಕ ರಂಧ್ರವನ್ನು ಇಲ್ಲಿ ಕಂಡಿ ಎಂದೂ, ಇನ್ನೊಂದು ಮರದ ತುದಿಯನ್ನು ಎರಡೂ ಬದಿ ಕೆತ್ತಿ ಉಳಿಸಿಕೊಂಡ ಚಪ್ಪಟೆ ಭಾಗವನ್ನು ನಾಲಗೆ ಎಂದೂ, ನಾಲಗೆ ಆರಂಭವಾಗುವಲ್ಲಿನ ಮೆಟ್ಟಿಲನ್ನು ಹೆಗಲು ಎಂದೂ ಕರೆಯಲಾಗಿದೆ. ಬಡಗಿಗಳ ಬಾಯಲ್ಲಿ ಇವುಗಳ ಹೆಸರು ಸೀಮೆಯಿಂದ ಸೀಮೆಗೆ ಬೇರೆ. ಕಂಬದ ನೆತ್ತಿಯ ನಾಲಗೆ ಮೇಲಿನ ತೊಲೆಯ ಕಂಡಿಗೆ ಸೇರಿದಾಗ ತೊಲೆಯ ಭಾರವನ್ನು ಹೊರುವುದು ಹೆಗಲು. ಅಡ್ಡಡ್ಡ ಸರಿಯದಂತೆ ಹಿಡಿಯುವುದು ನಾಲಗೆ. ಉಳಿಯುವ ಅಪಾಯ ಒಂದೇ, ನಾಲಗೆ ಬಂದ ದಾರಿಯಲ್ಲಿಯೇ ಹಿಂದಕ್ಕೆ ಜಾರುವುದು. ಕಂಡಿಯ ಎರಡು ಕೆನ್ನೆಗಳನ್ನೂ ನಡುವಿನ ನಾಲಗೆಯನ್ನೂ ಒಟ್ಟಿಗೆ ಬೈರಿಗೆಯಿಂದ ಕೊರೆದು ಹೊಡೆದ ಬೆಣೆ ಆ ದಾರಿಯನ್ನು ಮುಚ್ಚುತ್ತದೆ. ಹೀಗಾಗಿ ಬೆಣೆ ಮೊಳೆಯ ಬದಲಿ ಆಗಲಾರದು. ಮೊಳೆ ತನ್ನ ಉದ್ದಕ್ಕೂ ಮರದ ನಾರನ್ನು ತಳ್ಳಿ ಘರ್ಷಣೆಯಿಂದ ಕಚ್ಚಿ ನಿಲ್ಲುತ್ತದೆ. ಎರಡು ಹಲಗೆಗಳು ಮೈಗೆ ಮೈ ತಾಗಿದ್ದರೆ ಸಾಕು, ಅದಕ್ಕೆ ಕೀಲು ಬೇಕಿಲ್ಲ. ಬೆಣೆಗೆ ಕೀಲು ಬೇಕು, ಕೀಲು ಸರಿಯಾಗಿ ಕೂತಿರಬೇಕು. ಸಡಿಲವಾದ ಕೀಲಿಗೆ ಹೊಡೆದ ಬೆಣೆ ಕೆಲವು ಮಳೆಗಾಲಗಳಲ್ಲಿ ತನ್ನ ರಂಧ್ರವನ್ನು ತಾನೇ ಅಗಲಿಸಿಕೊಳ್ಳುತ್ತದೆ.

ಕಸುಬಿನ ನಿಜವಾದ ಸೂಕ್ಷ್ಮ ಇರುವುದು ಮರದ ತೇವದಲ್ಲಿ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಸ್ಥಿರತೆಗೆ ಹೆಸರಾದ ತೇಗವೇ ಹಸಿಯಿಂದ ಪೂರ್ಣ ಒಣಗುವಷ್ಟರಲ್ಲಿ ಬೆಳವಣಿಗೆಯ ಉಂಗುರಗಳ ಗುಂಟ ಸುಮಾರು ಶೇ. 5.8ರಷ್ಟು, ತಿರುಳಿನಿಂದ ತೊಗಟೆಯ ಕಡೆಗೆ ಸುಮಾರು ಶೇ. 2.5ರಷ್ಟು ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಕುಗ್ಗುವಿಕೆ ಇಲ್ಲವೆನ್ನುವಷ್ಟು ಕಡಿಮೆ. ಕಂಬ, ತೊಲೆ ದೊಡ್ಡವು. ಅವುಗಳ ತಿರುಳು ಒಣಗಲು ವರ್ಷಗಳು ಬೇಕು. ಆದ್ದರಿಂದ ಅವನ್ನು ಅರೆಹಸಿಯಾಗಿ ಏರಿಸುವುದು ಅನಿವಾರ್ಯವಾಗಿತ್ತು. ಬೆಣೆ ಚಿಕ್ಕದು, ಅದನ್ನು ಎಷ್ಟು ಬೇಕಾದರೂ ಒಣಗಿಸಿಕೊಳ್ಳಬಹುದು. ಒಣಬೆಣೆಯನ್ನು ಅರೆಹಸಿ ಮರಕ್ಕೆ ಹೊಡೆದರೆ ಮುಂದೆ ಮರ ಒಣಗುತ್ತ ದುಂಡು ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗಿ ಬೆಣೆಯನ್ನು ಹಿಸುಕಿ ಹಿಡಿಯುತ್ತದೆ. ತಿರುವುಮುರುವಾದರೆ, ಅಂದರೆ ಬೆಣೆ ಹಸಿಯಾಗಿದ್ದರೆ, ಮೊದಲು ಕುಗ್ಗುವುದು ಬೆಣೆಯೇ. ಒಂದು ಬೇಸಿಗೆ ಕಳೆದ ಮೇಲೆ ಅದು ಕೈಯಲ್ಲೇ ಹೊರಬಂದೀತು. ಮನೆ ಕಟ್ಟುವ ಬಹಳ ಮುಂಚೆಯೇ ಬೆಣೆಯ ಮರವನ್ನು ಒಣಗಿಸಲು ಇಡುವುದಕ್ಕೆ ಬೇರೆ ಯಾವ ಕಾರಣವೂ ಬೇಕಿಲ್ಲ.

ಬೆಣೆಯನ್ನು ಮಾಡುವ ರೀತಿಯೂ ಇಷ್ಟೇ ಮುಖ್ಯ. ಗರಗಸದಿಂದ ಕೊಯ್ದ ಕಡ್ಡಿಯಲ್ಲಿ ನಾರು ಓರೆಯಾಗಿ ಮೈಯಿಂದ ಹೊರಗೆ ಹಾಯಬಹುದು. ಹಾಗೆ ಹಾಯ್ದ ಕಡೆಯಲ್ಲಿ ಪೆಟ್ಟಿಗೆ ಮುರಿಯುತ್ತದೆ. ಆದ್ದರಿಂದ ಬೆಣೆಯ ಮರವನ್ನು ಉಳಿ ಅಥವಾ ಬಾಚಿಯಿಂದ ಸಿಗಿಯಬೇಕು. ಸಿಗಿದಾಗ ಸೀಳು ನಾರಿನ ಗುಂಟವೇ ಹೋಗುತ್ತದೆ, ತುದಿಯಿಂದ ತುದಿಗೆ ನಾರು ಕಡಿಯದೆ ಉಳಿಯುತ್ತದೆ. ಬಿದಿರು ತಾನಾಗಿಯೇ ಹೀಗೆ ಸೀಳುವ ವಸ್ತು. ಬಾಗಿಲು, ಕಿಟಕಿ, ಮಂಚ, ಪೆಟ್ಟಿಗೆಗಳ ಸಣ್ಣ ಕೀಲುಗಳಿಗೆ ಬಡಗಿಗಳು ಇಂದಿಗೂ ಬಿದಿರಿನ ಬೆಣೆ ಹೊಡೆಯುವುದರ ಹಿಂದೆ ಅಗ್ಗವೆಂಬುದಕ್ಕಿಂತ ದೊಡ್ಡ ಕಾರಣವಿದೆ. ಗಾಡಿ, ನೇಗಿಲಿನಂಥ ಪೆಟ್ಟು ತಿನ್ನುವ ಸಲಕರಣೆಗಳಿಗೆ ಬಯಲುಸೀಮೆಯಲ್ಲಿ ಜಾಲಿಯಂಥ ಗಟ್ಟಿ ಮರ. ಪೂರ್ತಿ ದುಂಡಾಗಿ ತೀಡದೆ ಎಂಟು ಮೂಲೆ ಉಳಿಸಿದ ಬೆಣೆ ದುಂಡು ರಂಧ್ರದಲ್ಲಿ ಹೆಚ್ಚು ಕಚ್ಚುತ್ತದೆ. ತುದಿ ಸ್ವಲ್ಪ ಸಪುರವಾಗಿದ್ದರೆ ಹೊಡೆದಂತೆ ಬಿಗಿಯುತ್ತದೆ. ಕೊಡತಿಯ ಸದ್ದು ಬದಲಾದಾಗ ನಿಲ್ಲಿಸಬೇಕು. ಇನ್ನೂ ಒಂದು ಪೆಟ್ಟು ಹಾಕಿದರೆ ನಾಲಗೆಯ ತುದಿ ನಾರಿನ ಗುಂಟ ಸಿಡಿದು ಹೋದೀತು. ರಂಧ್ರವನ್ನು ನಾಲಗೆಯ ತುದಿಗೆ ತೀರ ಹತ್ತಿರ ಕೊರೆದಿದ್ದರಂತೂ ಸಿಡಿಯುವುದು ಖಂಡಿತ.

ಇವುಗಳೆಲ್ಲಕ್ಕಿಂತ ಚತುರವಾದ ಉಪಾಯವೊಂದಿದೆ. ಇಂಗ್ಲೆಂಡಿನ ಓಕ್ ಮರದ ಹಳೆಯ ಮನೆಗಳಲ್ಲಿ ಅದು ಹೇರಳವಾಗಿ ದಾಖಲಾಗಿದೆ. ಮೊದಲು ಕಂಡಿಯ ಕೆನ್ನೆಗಳಲ್ಲಿ ಮಾತ್ರ ರಂಧ್ರ ಕೊರೆಯುತ್ತಾರೆ. ನಾಲಗೆಯನ್ನು ಒಳಗೆ ಸೇರಿಸಿ ರಂಧ್ರದ ಗುರುತು ಹಾಕಿ ಹೊರತೆಗೆಯುತ್ತಾರೆ. ನಾಲಗೆಯನ್ನು ಆ ಗುರುತಿನ ಮೇಲೆ ಕೊರೆಯದೆ, ಒಂದೆರಡು ಮಿಲಿಮೀಟರು ಹೆಗಲಿನ ಕಡೆಗೆ ಸರಿಸಿ ಕೊರೆಯುತ್ತಾರೆ. ಮತ್ತೆ ಜೋಡಿಸಿದಾಗ ರಂಧ್ರಗಳು ಒಂದರ ಮುಂದೊಂದು ನೇರವಾಗಿ ನಿಲ್ಲುವುದಿಲ್ಲ. ಸಪುರ ತುದಿಯ ಬೆಣೆ ಈ ಡೊಂಕು ದಾರಿಯಲ್ಲಿ ನುಗ್ಗುವಾಗ ನಾಲಗೆಯನ್ನು ಕಂಡಿಯ ಆಳಕ್ಕೆ ಸೆಳೆದು ಹೆಗಲನ್ನು ಎದುರು ಮರಕ್ಕೆ ಅಮುಕಿ ನಿಲ್ಲಿಸುತ್ತದೆ. ಅಂಟು ಬೇಕಿಲ್ಲ, ಬಿಗಿಯುವ ಯಂತ್ರ ಬೇಕಿಲ್ಲ. ಮರ ಮುಂದೆ ಕುಗ್ಗಿದರೂ ಬಾಗಿದ ಬೆಣೆ ತನ್ನ ಸೆಡವಿನಿಂದ ಕೀಲನ್ನು ಎಳೆದುಕೊಂಡೇ ಇರುತ್ತದೆ. ಸಾಮಾನ್ಯ ಬೆಣೆ ಹಿಂಜಾರದಂತೆ ತಡೆಯುವುದಷ್ಟೇ; ಇದು ಒಳಕ್ಕೆ ಎಳೆಯುತ್ತದೆ. ‘ಬೆಣೆ ಹೊಡೆಯಲಾಗಿದೆ’ ಎಂಬ ಒಂದೇ ವಾಕ್ಯದಲ್ಲಿ ಈ ಎರಡನ್ನೂ ಸೇರಿಸಿದರೆ ಎರಡು ಬೇರೆ ತಂತ್ರಜ್ಞಾನಗಳು ಒಂದಾಗಿಬಿಡುತ್ತವೆ.

ಬೆಣೆ ಯಾವ ಒಂದು ನಾಡಿನ ಸೊತ್ತೂ ಅಲ್ಲವೆಂಬುದನ್ನೂ ಹೇಳಬೇಕು. ತುರ್ಕಿಯ ಕರಾವಳಿಯ ಉಲುಬುರುನ್ ಬಳಿ ಸಮುದ್ರದ ತಳದಿಂದ 1984ರಿಂದ 1994ರವರೆಗೆ ಅಗೆದು ತೆಗೆದ, ಕ್ರಿ. ಪೂ. 14ನೆಯ ಶತಮಾನದ ಹಡಗಿನ ಹಲಗೆಗಳು ಕಂಡಿ–ನಾಲಗೆಯಿಂದ ಕೂಡಿ, ಬೆಣೆಯಿಂದ ಭದ್ರಗೊಂಡಿದ್ದವು. ‘ನಮ್ಮ ಪೂರ್ವಜರು ಮಾತ್ರ ಬಲ್ಲ ರಹಸ್ಯ’ ಎಂಬ ಧಾಟಿಗೆ ಇಲ್ಲಿ ಆಧಾರವಿಲ್ಲ. ಕರ್ನಾಟಕದ್ದೆಂದು ಹೇಳಬಹುದಾದುದು ಇಲ್ಲಿನ ಮರ, ಇಲ್ಲಿನ ಮಳೆ, ಇಲ್ಲಿನ ಮಾತು ಮತ್ತು ಬಡಗಿಗೂ ಊರಿಗೂ ಇದ್ದ ಸಂಬಂಧ.

ಮಾತಿನ ಕಡೆಗೆ ಬಂದರೆ ಕನ್ನಡ ಆಶ್ಚರ್ಯಕರವಾಗಿ ಶ್ರೀಮಂತವಾಗಿದೆ. ಕೀಲು ಎಂಬ ಪದ ಸಿಕ್ಕಿಸುವ ಗೂಟಕ್ಕೂ ಸಲ್ಲುತ್ತದೆ, ಆ ಗೂಟ ಹಿಡಿದಿಟ್ಟ ಕೂಡುಜಾಗಕ್ಕೂ ಸಲ್ಲುತ್ತದೆ. ಮೈಯ ಮೂಳೆಗಳು ಕೂಡುವಲ್ಲಿ ಇರುವುದೂ ಕೀಲೇ. ನೋಟವನ್ನು ಒಂದೆಡೆ ಕೀಲಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಬೀಗಕ್ಕೆ ಕೀಲಿ ಎಂಬ ಹೆಸರಿದೆ. ಕೀಲುಕುದುರೆ, ಕೀಲುಗೊಂಬೆಗಳು ಜಾನಪದ ವಿದ್ಯಾರ್ಥಿಗೆ ಚಿರಪರಿಚಿತ. ಮೊಳೆ ಎಂಬ ಪದವಾದರೋ ಬೀಜ ಒಡೆದು ಬರುವ ಚಿಗುರಿಗೂ ಕಬ್ಬಿಣದ ಚೂಪುಕಡ್ಡಿಗೂ ಒಂದೇ. ಬೆಣೆಯಂತೂ ಮೂರು ಬಗೆಯ ಕೆಲಸ ಹೊತ್ತಿದೆ: ದಿಮ್ಮಿಯನ್ನು ಸೀಳಲು ಸಂದಿಗೆ ಹೊಡೆಯುವುದೂ ಬೆಣೆ, ಸಡಿಲವಾದ ಹಿಡಿಯನ್ನು ಬಿಗಿಮಾಡಲು ತುರುಕುವುದೂ ಬೆಣೆ, ಕೀಲಿಗೆ ಅಡ್ಡಲಾಗಿ ಹೊಡೆಯುವುದೂ ಬೆಣೆ. ಬೇರ್ಪಡಿಸುವ ಉಪಕರಣಕ್ಕೂ ಕೂಡಿಸುವ ಉಪಕರಣಕ್ಕೂ ಜನ ಒಂದೇ ಹೆಸರಿಟ್ಟಿರುವುದು ಅಜ್ಞಾನದಿಂದಲ್ಲ. ಹೊಡೆಯುವ ಕೈಗೆ ಎರಡೂ ಒಂದೇ ಅನುಭವ. ಆದರೆ ವಿವರಿಸುವ ಸಂಶೋಧಕ ಈ ಮೂರನ್ನು ಬಿಡಿಸಿ ಹೇಳದಿದ್ದರೆ ಓದುಗನಿಗೆ ಏನೂ ತಿಳಿಯದು.

ಪಂಚತಂತ್ರದ ಮಿತ್ರಭೇದದ ಆರಂಭದಲ್ಲಿ ಬರುವ ಕೋತಿಯ ಕಥೆ ಈ ದೃಷ್ಟಿಯಿಂದ ಮರುಓದಿಗೆ ಯೋಗ್ಯವಾದುದು. ದೇವಾಲಯ ಕಟ್ಟುತ್ತಿದ್ದ ಬಡಗಿಗಳು ಅರ್ಧ ಸೀಳಿದ ಕಂಬದ ಸಂದಿಯಲ್ಲಿ ಕೀಲನ್ನು ಸಿಕ್ಕಿಸಿ ಊಟಕ್ಕೆ ಹೋಗುತ್ತಾರೆ. ಕೋತಿ ಅದನ್ನು ಕಿತ್ತು ಸಾಯುತ್ತದೆ. ತನ್ನದಲ್ಲದ ಕೆಲಸಕ್ಕೆ ಕೈಹಾಕಬಾರದೆಂಬ ನೀತಿಗೆ ಈ ಕಥೆಯನ್ನು ಬಳಸುವುದು ವಾಡಿಕೆ. ಸಂಸ್ಕೃತ ಪಾಠ ಆ ಕೀಲು ಖದಿರದ್ದು, ಅಂದರೆ ಕಗ್ಗಲಿಯದು ಎಂದು ನಿರ್ದಿಷ್ಟವಾಗಿ ಹೇಳುತ್ತದೆ. ಸೀಳಬೇಕಾದ ಮರಕ್ಕಿಂತ ಗಟ್ಟಿಯಾದ ಮರದ ಬೆಣೆ ಬೇಕೆಂಬ ಕಸುಬಿನ ತಿಳಿವಳಿಕೆ ಕಥೆಗಾರನ ಬಾಯಿಗೂ ಬಂದಿತ್ತು. ಕಥೆಯ ನೂರಾರು ವ್ಯಾಖ್ಯಾನಗಳಲ್ಲಿ ಕಗ್ಗಲಿಗೆ ಜಾಗ ಸಿಗುವುದಿಲ್ಲ. ಜೇಡರ ದಾಸಿಮಯ್ಯನ ಕಡೆಗೀಲಿನ ವಚನದ ಗತಿಯೂ ಇದೇ. ಗಾಲಿ ಅಚ್ಚಿನಿಂದ ಕಳಚದಂತೆ ಅಚ್ಚಿನ ಕೊನೆಗೆ ಸಿಕ್ಕಿಸುವ ಕಡೆಗೀಲನ್ನು ಆತ ಒಡಲೆಂಬ ಬಂಡಿಗೆ ಅನ್ವಯಿಸಿದ್ದಾನೆ. ಅಲ್ಲಿನ ಆಧ್ಯಾತ್ಮಿಕ ಅರ್ಥವನ್ನು ಬಿಡಿಸಿದಷ್ಟು ಆಸಕ್ತಿಯಿಂದ ಬಂಡಿಯ ಅರ್ಥವನ್ನು ಬಿಡಿಸಿದವರು ವಿರಳ. ಕಡೆಗೀಲು ಭಾರ ಹೊರುವುದಿಲ್ಲ. ಇಡೀ ಬಂಡಿಯಲ್ಲಿ ಅತ್ಯಂತ ಚಿಕ್ಕದು. ಕಿತ್ತರೆ ಕೈಯಲ್ಲಿ ಬರುವಂಥದು. ರೂಪಕ ಬಲಗೊಳ್ಳುವುದು ಈ ವಾಸ್ತವದಿಂದ.

ನಿಘಂಟುಗಳ ಮಿತಿ ಬೇರೆ ತರಹದ್ದು. ಕಿಟೆಲ್ ಕೋಶ (1894) ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ನಿಘಂಟು ಕನ್ನಡಕ್ಕೆ ಮಾಡಿದ ಉಪಕಾರ ಪ್ರಶ್ನಾತೀತ. ಆದರೆ ಅಕಾರಾದಿ ಕ್ರಮದಲ್ಲಿ ಉಳಿ, ಕೀಲು, ಕೊಡತಿ, ಬಾಚಿ, ಬೆಣೆ, ಬೈರಿಗೆಗಳು ದೂರದೂರದ ಪುಟಗಳಿಗೆ ಚದುರಿಹೋಗುತ್ತವೆ, ಒಂದು ಕೀಲನ್ನು ಮಾಡುವ ಕ್ರಿಯೆ ಎಲ್ಲಿಯೂ ಕೂಡಿಬರುವುದಿಲ್ಲ. ತೆಲುಗಿನಲ್ಲಿ ಭದ್ರಿರಾಜು ಕೃಷ್ಣಮೂರ್ತಿಯವರ ನೇತೃತ್ವದಲ್ಲಿ 1962ರಲ್ಲಿ ವ್ಯವಸಾಯದ ಮಾಂಡಲಿಕ ವೃತ್ತಿಪದಕೋಶ ಬಂದಾಗ ಅದು ದಕ್ಷಿಣದ ಭಾಷೆಗಳಿಗೆಲ್ಲ ಮಾದರಿಯಾಯಿತು. ಉಡುಪಿಯಿಂದ 1988–1997ರ ನಡುವೆ ಆರು ಸಂಪುಟಗಳಲ್ಲಿ ಹೊರಬಂದ ತುಳು ನಿಘಂಟು ಕಸುಬಿನ ಪದಗಳನ್ನು ಉದಾರವಾಗಿ ಒಳಗೊಂಡಿತು. ವೃತ್ತಿಪದ ಸಂಗ್ರಹಗಳು ಪದವನ್ನೂ ವಸ್ತುವನ್ನೂ ಕೂಡಿಸುತ್ತವೆ. ಅವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕ್ರಿಯಾಪದಗಳನ್ನು ಹಿಡಿಯಬೇಕಾಗಿದೆ. ಬಡಗಿಯ ಜ್ಞಾನ ನಾಮಪದಗಳಲ್ಲಿ ಇರುವುದಕ್ಕಿಂತ ಸಿಗಿ, ತೀಡು, ಕೂರಿಸು, ಸರಿಸು, ಸೆಳೆ ಎಂಬಂಥ ಕ್ರಿಯೆಗಳಲ್ಲಿ ಹೆಚ್ಚಾಗಿದೆ.

ಇನ್ನೊಂದು ತುದಿಯಲ್ಲಿ ಶಾಸ್ತ್ರಗ್ರಂಥಗಳ ಮೂಲಕ ಕಸುಬನ್ನು ವಿವರಿಸುವ ರೂಢಿಯಿದೆ. ಮಯಮತ, ಮಾನಸಾರಗಳೆರಡರಲ್ಲಿಯೂ ಸಂಧಿಕರ್ಮಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಮೇಷಯುದ್ಧ, ಸೂಕರಘ್ರಾಣ ಮೊದಲಾದ ಹೆಸರುಗಳನ್ನು ಅಲ್ಲಿ ಕಾಣಬಹುದು. ಟಗರುಗಳು ತಲೆಗೆ ತಲೆ ಕೊಟ್ಟು ನಿಂತಂತಿರುವ ಕೀಲು, ಹಂದಿಯ ಮೂತಿಯಂಥ ಕೀಲು. ಈ ಹೆಸರುಗಳಲ್ಲಿಯೇ ಕಸುಬುದಾರನ ಕಣ್ಣು ಎದ್ದು ಕಾಣುತ್ತದೆ, ಶಾಸ್ತ್ರಕಾರನಿಗೆ ಅವು ಬಂದದ್ದು ಮರಗೆಲಸದ ಅಂಗಳದಿಂದಲೇ ಎಂದು ಊಹಿಸಲು ಅಡ್ಡಿಯಿಲ್ಲ. ಹಾಗಿರುವಾಗ ಮಲೆನಾಡಿನ ಬಡಗಿಯ ಒಂದು ಕೀಲನ್ನು ಕಂಡ ಕೂಡಲೇ ಶಾಸ್ತ್ರದ ಹೆಸರೊಂದನ್ನು ತೊಡಿಸಿ ಅದಕ್ಕೆ ಗೌರವ ದೊರಕಿಸಿದೆವೆಂದು ಭಾವಿಸುವುದು ಹೊಳೆಯನ್ನು ಕೆರೆಯಿಂದ ವಿವರಿಸಿದಂತೆ. ಬಡಗಿ ಅದಕ್ಕೆ ಏನೆಂದು ಕರೆಯುತ್ತಾನೆ ಎಂಬುದು ದಾಖಲೆಯಲ್ಲಿ ಮೊದಲು ಬರಬೇಕು.

ವಸ್ತುಸಂಗ್ರಹಾಲಯಗಳ ತೊಡಕು ಹೆಚ್ಚು ಕಠಿಣ, ಅದರಲ್ಲಿ ಯಾರ ಅಲಕ್ಷ್ಯವೂ ಇಲ್ಲ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ (1968), ಎಚ್. ಎಲ್. ನಾಗೇಗೌಡರ ಕನಸಾಗಿ 1994ರಲ್ಲಿ ರಾಮನಗರದ ಬಳಿ ರೂಪುಗೊಂಡ ಜಾನಪದ ಲೋಕ, ಇವು ಇಲ್ಲದಿದ್ದರೆ ಎಷ್ಟೋ ನೇಗಿಲು, ಕೂರಿಗೆ, ಗಾಡಿಗಳು ಉಳಿಯುತ್ತಿರಲಿಲ್ಲ. ಆದರೆ ಒಳ್ಳೆಯ ಕೀಲಿನ ಲಕ್ಷಣವೇ ಕಾಣದಿರುವುದು. ಜೋಡಿಸಿಟ್ಟ ನೇಗಿಲಿನಲ್ಲಿ ಈಸಿನ ತುದಿ ನೇಗಿಲ ಮೈಯ ಕಂಡಿಯೊಳಗೆ ಅಡಗಿರುತ್ತದೆ. ಅದನ್ನು ಬಿಗಿಯುವ ಬೆಣೆಯನ್ನು ಸ್ವಲ್ಪ ಮೇಲಕ್ಕೋ ಕೆಳಕ್ಕೋ ಹೊಡೆದು ಉಳುಮೆಯ ಆಳವನ್ನು ಹೊಂದಿಸುತ್ತಿದ್ದ ಸಂಗತಿ ಗಾಜಿನಾಚೆ ನಿಂತ ನೋಡುಗನಿಗೆ ಗೊತ್ತಾಗುವಂತಿಲ್ಲ. ಅಲ್ಲಿ ಬೆಣೆ ಕೀಲನ್ನು ಹಿಡಿದಿಡುವುದರ ಜೊತೆಗೆ ಇಡೀ ಸಲಕರಣೆಯ ತಿರುಪು ಕೂಡ ಆಗಿತ್ತು. ಛಾಯಾಚಿತ್ರವೂ ಇಲ್ಲಿ ಸಹಾಯಕ್ಕೆ ಬಾರದು. ಮರದ ಕಂಬಗಳ ಮೇಲೆ ಬಂದಿರುವ ಬರಹಗಳ ಚಿತ್ರಗಳನ್ನು ತಿರುವಿದರೆ ಬೋದಿಗೆಯ ಕೆತ್ತನೆ, ಬಾಗಿಲವಾಡದ ಬಳ್ಳಿ, ಗಜಲಕ್ಷ್ಮಿಗಳೇ ತುಂಬಿರುತ್ತವೆ. ಅಲಂಕಾರ ಕ್ಯಾಮೆರಾಕ್ಕೆ ಒಲಿಯುತ್ತದೆ, ಕೀಲಿಗೆ ಗೆರೆಚಿತ್ರ ಬೇಕು. ಹೆನ್ರಿ ಗ್ಲಾಸಿ ಅಮೆರಿಕದ ವರ್ಜೀನಿಯಾದ ಜನಪದ ಮನೆಗಳ ಮೇಲೆ 1975ರಲ್ಲಿ ಪ್ರಕಟಿಸಿದ ಅಧ್ಯಯನ ಅಳತೆಯ ನಕ್ಷೆಗಳನ್ನೇ ಆಧರಿಸಿದೆ. ಗಾಡಿ ಕಮ್ಮಟವೊಂದನ್ನು ಸ್ವತಃ ನಡೆಸಿದ ಜಾರ್ಜ್ ಸ್ಟರ್ಟ್ 1923ರಲ್ಲಿ ಬರೆದ ಪುಸ್ತಕದಲ್ಲಿ ಮರ ಆರಿಸುವುದರಿಂದ ಹಿಡಿದು ಪಟ್ಟಿ ತೊಡಿಸುವವರೆಗೆ ಪ್ರತಿ ಹಂತದ ‘ಏಕೆ’ ಸಿಗುತ್ತದೆ. ಕನ್ನಡದಲ್ಲಿ ಬಡಗಿಯ ಹಾಡು, ಕಥೆ, ಜಾತಿಪುರಾಣ, ಆಚರಣೆಗಳ ಸಂಗ್ರಹ ವಿಪುಲವಾಗಿದೆ. ಬಡಗಿ ಹಾಡದಿದ್ದಾಗ ಏನು ಮಾಡುತ್ತಿದ್ದ ಎಂಬುದರ ಸಂಗ್ರಹ ಅದರ ಪಕ್ಕದಲ್ಲಿ ತೀರ ಬಡವಾಗಿ ಕಾಣುತ್ತದೆ. ಭೌತಿಕ ಸಂಸ್ಕೃತಿಯ ಅಧ್ಯಯನ ಪಠ್ಯಕ್ರಮದಲ್ಲಿ ಒಂದು ಘಟಕವಾಗಿ ಸೇರಿದರೂ ಪಠ್ಯನಿಷ್ಠ ಮನೋಧರ್ಮ ಬಿಟ್ಟುಹೋಗಲಿಲ್ಲ.

ಇದರ ಪರಿಣಾಮ ಗ್ರಂಥಾಲಯದೊಳಗೇ ಉಳಿಯುವುದಿಲ್ಲ. ಬೆಣೆಯ ಕೀಲು ಒಂದು ಸಾಮಾಜಿಕ ವ್ಯವಸ್ಥೆಗೆ ಹೊಂದಿಕೊಂಡಿತ್ತು. ಆಯದ ಪದ್ಧತಿಯಲ್ಲಿ ಬಡಗಿ ಸುಗ್ಗಿಯಲ್ಲಿ ಧಾನ್ಯ ಪಡೆದು ವರ್ಷವಿಡೀ ಊರಿನ ನೇಗಿಲು, ಕುಂಟೆ, ಗಾಡಿಗಳನ್ನು ನೋಡಿಕೊಳ್ಳುತ್ತಿದ್ದ. ಮಾಡಿದವನೇ ದುರಸ್ತಿ ಮಾಡುವವನೂ ಆಗಿದ್ದ. ಅವನಿಗೆ ಮತ್ತೆ ಬಿಚ್ಚಲು ಬರುವ ಕೀಲು ಬೇಕಿತ್ತು: ಸವೆದ ಭಾಗವನ್ನಷ್ಟೇ ತೆಗೆದು, ಹೊಸದನ್ನು ಕೂರಿಸಿ, ಹೊಸ ಬೆಣೆ ಹೊಡೆದರೆ ಮಳೆಗೆ ಮೊದಲು ಕೆಲಸ ಮುಗಿಯುತ್ತಿತ್ತು. ಮಾಡಿಕೊಟ್ಟು ಹಣ ಪಡೆದು ಹೋಗುವ ವ್ಯವಹಾರಕ್ಕೆ ಬಿಚ್ಚಲಾಗದ ಜೋಡಣೆ ಸಾಕು. ಆಯ ಕರಗಿದ್ದೂ ಅಗ್ಗದ ಮೊಳೆ ಹರಡಿದ್ದೂ ಒಟ್ಟೊಟ್ಟಿಗೆ ನಡೆದುದು ಕೇವಲ ಕಾಕತಾಳೀಯವಾಗಿರಲಾರದು. ಆಯದ ವ್ಯವಸ್ಥೆಯನ್ನು ಇಲ್ಲಿ ಕೊಂಡಾಡಬೇಕಾಗಿಲ್ಲ, ಅದರೊಳಗಿನ ತಾರತಮ್ಯ ಸಣ್ಣದಲ್ಲ. ಆದರೆ ಕೀಲಿನ ಆಕಾರಕ್ಕೂ ಕೂಲಿಯ ಆಕಾರಕ್ಕೂ ಇದ್ದ ಈ ನಂಟು ‘ಮೊಳೆಯಿಲ್ಲದ ಅದ್ಭುತ’ ಎಂಬ ಉದ್ಗಾರದೊಳಗೆ ಮುಳುಗಿಹೋಗುತ್ತದೆ.

ಬಿಚ್ಚಲು ಬರುವ ಗುಣದ ದೊಡ್ಡ ನಿದರ್ಶನ ಮಣಿಪಾಲದಲ್ಲಿದೆ. ವಿಜಯನಾಥ ಶೆಣೈ (1934–2017) ಅಳಿವಿನಂಚಿನ ಮನೆಗಳನ್ನು ಅವು ಇದ್ದಲ್ಲಿಂದ ಬಿಚ್ಚಿ ತಂದು ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮರಳಿ ನಿಲ್ಲಿಸಿದರು. ಗಾರೆ, ಕಾಂಕ್ರೀಟುಗಳ ಕಟ್ಟಡವನ್ನು ಕೆಡವಬಹುದು, ಬಿಚ್ಚಲಾಗದು. ಮರದ ಚೌಕಟ್ಟಿಗೆ ಎರಡನೆಯ ಜನ್ಮ ಸಾಧ್ಯವಾಗುವುದು ಅದರ ಕೀಲುಗಳಿಂದ. ‘ಬಿಚ್ಚಿದರೆ ಮತ್ತೆ ಜೋಡಿಸಲಾಗದು’ ಎಂಬ ಐತಿಹ್ಯದ ಮಾತಿಗೆ ಕಸುಬಿನ ವಾಸ್ತವ ನೇರ ವಿರುದ್ಧವಾಗಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಇಂಥ ತಿಳಿವಳಿಕೆಯಿಲ್ಲದ ಜೀರ್ಣೋದ್ಧಾರ ಬೇರೆ ದಾರಿ ಹಿಡಿಯುತ್ತದೆ. ಸಡಿಲವಾದ ಕೀಲಿಗೆ ಉದ್ದನೆಯ ಕಬ್ಬಿಣದ ಬೋಲ್ಟು ತೂರಿಸಿ ಬಿಗಿಯುವುದು ಸಾಮಾನ್ಯ. ಮರದಲ್ಲಿನ ಒಗರು ದ್ರವ್ಯ ತೇವದೊಡನೆ ಸೇರಿ ಕಬ್ಬಿಣವನ್ನು ತಿನ್ನುತ್ತದೆ, ಸುತ್ತಲಿನ ಮರ ಕಪ್ಪಾಗಿ ಸತ್ವ ಕಳೆದುಕೊಳ್ಳುತ್ತದೆ. ಕರಾವಳಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಮರವನ್ನು ಸೀಳುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮರ ಋತುವಿಗೆ ತಕ್ಕಂತೆ ಉಬ್ಬಿ ಕುಗ್ಗುವಾಗ ಬೆಣೆ ಅದರೊಡನೆ ತುಸು ಮಣಿಯುತ್ತದೆ, ಬೋಲ್ಟು ಮಣಿಯುವುದಿಲ್ಲ. ಬಿರಿಯುವುದು ಕಂಬ ಅಥವಾ ತೊಲೆ. ಮುರಿಯಬೇಕಾದಾಗ ಅಗ್ಗದ ಬೆಣೆ ಮುರಿದು ಬೆಲೆಬಾಳುವ ತೊಲೆ ಉಳಿಯುತ್ತಿದ್ದ ಏರ್ಪಾಟು ತಲೆಕೆಳಗಾಗುತ್ತದೆ. ಮೊಳೆಯಿಲ್ಲದಿರುವುದೇ ಈ ಮನೆಯ ಹಿರಿಮೆ ಎಂದು ಫಲಕ ಹಾಕಿ, ಅದೇ ಮನೆಗೆ ಬೋಲ್ಟು ಹೊಡೆಯುವುದು ಸಾಧ್ಯವಾಗಿರುವುದು ಬೆಣೆಯ ಕೆಲಸವೇನೆಂದು ಯಾವ ಬರಹವೂ ಸ್ಪಷ್ಟವಾಗಿ ಹೇಳದಿರುವುದರಿಂದ.

ಕಸುಬು ಬಲ್ಲ ಹಿರಿಯರು ಕಡಿಮೆಯಾಗುತ್ತಿರುವುದರಿಂದ ಕ್ಷೇತ್ರಕಾರ್ಯಕ್ಕೆ ಈಗ ಉಳಿದಿರುವ ಉತ್ತಮ ಅವಕಾಶ ಮನೆ ಬಿಚ್ಚುವ ದಿನ. ಕಟ್ಟುವಾಗ ಮುಚ್ಚಿಹೋದ ಕೀಲು ಆ ದಿನ ಒಮ್ಮೆ ತೆರೆದುಕೊಳ್ಳುತ್ತದೆ. ಬೆಣೆಯನ್ನು ಸಪುರ ತುದಿಯ ಕಡೆಯಿಂದ ಬಡಿದು ಹೊರಡಿಸಬೇಕಾದುದರಿಂದ ಅದನ್ನು ಎತ್ತಣಿಂದ ಹೊಡೆದಿದ್ದರು, ಚೌಕಟ್ಟಿನ ಯಾವ ಮುಖವನ್ನು ಮೇಲು ಮಾಡಿ ನೆಲದ ಮೇಲೆ ಜೋಡಿಸಿದ್ದರು ಎಂಬುದು ತಿಳಿಯುತ್ತದೆ. ನಾರನ್ನು ನೋಡಿದರೆ ಸಿಗಿದದ್ದೋ ಕೊಯ್ದದ್ದೋ ಗೊತ್ತಾಗುತ್ತದೆ. ಮರದ ಜಾತಿಯನ್ನು ಗುರುತಿಸಬಹುದು. ರಂಧ್ರಗಳನ್ನು ಸರಿಸಿ ಕೊರೆದ ಕೀಲಿನಿಂದ ಬಂದ ಬೆಣೆ ನೆಟ್ಟಗಿರುವುದಿಲ್ಲ, ನಡುವಿನಲ್ಲಿ ಬಾಗಿರುತ್ತದೆ. ಕರ್ನಾಟಕದ ಯಾವ ಸೀಮೆಯಲ್ಲಿ ಆ ಉಪಾಯ ಎಷ್ಟರಮಟ್ಟಿಗೆ ರೂಢಿಯಲ್ಲಿತ್ತು ಎಂಬುದನ್ನು ಬಾಗಿದ ಬೆಣೆಗಳನ್ನು ಎಣಿಸಿ ಹೇಳಬಹುದು, ಅದಕ್ಕೆ ಬಡಗಿ ಬದುಕಿರಬೇಕೆಂದೂ ಇಲ್ಲ. ಕೆತ್ತನೆಯ ಕಂಬಗಳನ್ನೂ ಬಾಗಿಲವಾಡಗಳನ್ನೂ ಹಳೆಯ ಸಾಮಾನಿನ ವ್ಯಾಪಾರಿಗಳು ಕೊಂಡೊಯ್ಯುತ್ತಾರೆ. ಬೆಣೆಗಳಿಗೆ ಬೆಲೆಯಿಲ್ಲ, ಸಂಜೆಯ ಹೊತ್ತಿಗೆ ಅವು ಒಲೆ ಸೇರುತ್ತವೆ. ಯಾವ ಕಂಬದ ಯಾವ ಕೀಲಿನದು ಎಂಬ ಚೀಟಿ ಕಟ್ಟಿ ಅವನ್ನು ಒಂದು ಚೀಲದಲ್ಲಿ ತೆಗೆದಿರಿಸಲು ಸಂಶೋಧಕ ಆ ದಿನ ಬೆಳಗ್ಗೆಯೇ ಅಲ್ಲಿರಬೇಕಾಗುತ್ತದೆ.